ಹೆದ್ದಾರಿಯಲ್ಲಿ ಪೋಲೀಸ್ ಜೀಪು

ಬಳ್ಳಾರಿಯ ಸತ್ಯನಾರಾಯಣಪೇಟೆಯಿಂದ ಸಿರುಗುಪ್ಪಕ್ಕೆ ಹೊರಟ ಕಾರೊಂದನ್ನು ಕಲ್ಪಿಸಿಕೊಳ್ಳಿರಿ. ನಗರವನ್ನು ದಾಟಿ 150ಎ ರಾಷ್ಟ್ರೀಯ ಹೆದ್ದಾರಿಯಲ್ಲಿ ಮುಂದುವರಿದೊಡನೆ ಅದರ ವೇಗವು ಫಲಕದ ಮಿತಿಯನ್ನು ಮೀರಿ ಗಂಟೆಗೆ 90 ಕಿಲೋಮೀಟರಿಗೆ ಏರುತ್ತದೆ. ತೆಕ್ಕಲಕೋಟೆಯ ಸಮೀಪದಲ್ಲಿ ಎದುರಿನಿಂದ ಬರುವ ಲಾರಿಯ ಚಾಲಕನು ಹಾಡುಹಗಲಿನಲ್ಲಿಯೇ ದೀಪವನ್ನು ಎರಡು ಬಾರಿ ಮಿನುಗಿಸುತ್ತಾನೆ. ಮುಂದೆ ಪೋಲೀಸರಿದ್ದಾರೆ ಎಂಬುದೇ ಆ ಸಂಕೇತದ ಅರ್ಥ. ಕೂಡಲೇ ಕಾರು 50ಕ್ಕೆ ಇಳಿದು ಜೀಪಿನ ಮುಂದೆ ಬಹು ವಿನಯದಿಂದ ಸಾಗುತ್ತದೆ. ಜೀಪು ಕಣ್ಮರೆಯಾದೊಡನೆ ಮತ್ತೆ 90ಕ್ಕೇರುತ್ತದೆ. ಲಾರಿಯವನಾದರೋ ತಾನು ದೊಡ್ಡ ಉಪಕಾರವನ್ನೇ ಮಾಡಿದೆನೆಂದು ಭಾವಿಸಿರುತ್ತಾನೆ!

ಚಾಲಕನು ಅಂಜಿದುದು ದಂಡಕ್ಕೆ. 1988ರ ಮೋಟಾರು ವಾಹನಗಳ ಕಾಯಿದೆಗೆ 2019ರಲ್ಲಿ ಆದ ತಿದ್ದುಪಡಿಯಂತೆ, ಅತಿವೇಗಕ್ಕಾಗಿ ಲಘು ವಾಹನದವರು 1,000ದಿಂದ 2,000 ರೂಪಾಯಿಗಳವರೆಗೆ ದಂಡ ತೆರಬೇಕು. ಆದರೆ ಅಪಾಯವು ಜೀಪಿನ ಬಳಿಯಲ್ಲಿಯೇ ಕಾದು ಕುಳಿತಿರುವುದಿಲ್ಲವಷ್ಟೆ.

ತುಂಗಭದ್ರಾ ಕಾಲುವೆಯ ಕೆಳಗಿನ ಗದ್ದೆಯಿಂದ ಭತ್ತದ ಹುಲ್ಲು ಹೇರಿದ ಎತ್ತಿನ ಗಾಡಿಯೊಂದು ಹಠಾತ್ತನೆ ರಸ್ತೆಗೆ ಬಂದಿತೆನ್ನೋಣ. ಅದನ್ನು ಕಂಡು ಚಾಲಕನು ಬ್ರೇಕನ್ನು ಒತ್ತಲು ಒಂದು ಸೆಕೆಂಡಾದರೂ ಬೇಕು. ಅಷ್ಟರಲ್ಲಿ 60ರ ವೇಗದ ಕಾರು ಸುಮಾರು 17 ಮೀಟರು, 90ರ ಕಾರು 25 ಮೀಟರು ಮುಂದೆ ಹೋಗಿರುತ್ತದೆ. ಅನಂತರ ಒಣ ರಸ್ತೆಯಲ್ಲಿ ನಿಲ್ಲಲು ಮೊದಲನೆಯದಕ್ಕೆ ಸುಮಾರು 20 ಮೀಟರು ಸಾಕು. ಎರಡನೆಯದಕ್ಕೆ ಸುಮಾರು 45 ಮೀಟರು ಬೇಕು. ವೇಗವು ಒಂದೂವರೆ ಪಟ್ಟಾದರೆ ಚಲನಶಕ್ತಿಯು ಎರಡೂಕಾಲು ಪಟ್ಟಾಗುವುದೇ ಇದಕ್ಕೆ ಕಾರಣ. 60ರ ಕಾರು ಪೂರ್ಣವಾಗಿ ನಿಂತ ಸ್ಥಳದಲ್ಲಿ 90ರ ಕಾರು ಇನ್ನೂ 75ಕ್ಕಿಂತ ಹೆಚ್ಚಿನ ವೇಗದಲ್ಲಿರುತ್ತದೆ ಎಂಬುದನ್ನು ಗಮನಿಸಿರಿ. ಗಾಡಿಯವನ ಪ್ರಾಣವು ಈ ಅಂತರದಲ್ಲಿದೆ. ಇಷ್ಟೆಲ್ಲ ಮಾಡಿ ಚಾಲಕನು ಗಳಿಸುವುದೇನು? ಸುಮಾರು 55 ಕಿಲೋಮೀಟರಿನ ಆ ದಾರಿಯಲ್ಲಿ ಹೆಚ್ಚೆಂದರೆ ಹದಿನೆಂಟು ನಿಮಿಷ.

ಜೀಪನ್ನು ಕಂಡು ಥಟ್ಟನೆ ಬ್ರೇಕು ಹಾಕುವುದೂ ನಿರಪಾಯವಲ್ಲ. ಹಿಂದೆ ಬರುತ್ತಿರುವ ಮೋಟಾರು ಸೈಕಲ್ಲಿನವನಿಗೆ ಜೀಪು ಕಾಣಿಸಿರುವುದೇ ಇಲ್ಲ.

ಪೋಲೀಸರ ವೇಗಮಾಪಕವು ರೇಡಿಯೊ ಅಲೆಗಳನ್ನಾಗಲಿ ಲೇಸರ್ ಕಿರಣವನ್ನಾಗಲಿ ವಾಹನದತ್ತ ಹಾಯಿಸಿ, ಅವು ಪ್ರತಿಫಲಿಸಿ ಮರಳಿದ ರೀತಿಯಿಂದ ಆ ಕ್ಷಣದ ವೇಗವನ್ನಷ್ಟೇ ತಿಳಿಯುತ್ತದೆ. ಚಾಲಕರ ಜಾಣತನವೆಲ್ಲ ನಿಂತಿರುವುದು ಇದರ ಮೇಲೆಯೇ. ಬ್ರಿಟನ್, ನೆದರ್ಲೆಂಡ್ಸ್ ಮೊದಲಾದ ದೇಶಗಳಲ್ಲಿ ಇದಕ್ಕೊಂದು ಉಪಾಯವನ್ನು ಕಂಡುಕೊಂಡಿದ್ದಾರೆ. ದೂರದೂರದಲ್ಲಿ ನಿಲ್ಲಿಸಿದ ಎರಡು ಕ್ಯಾಮೆರಾಗಳು ವಾಹನದ ಸಂಖ್ಯೆಯನ್ನೂ ವೇಳೆಯನ್ನೂ ದಾಖಲಿಸಿಕೊಂಡು ಸರಾಸರಿ ವೇಗವನ್ನು ಗುಣಿಸುತ್ತವೆ. ಹತ್ತು ಕಿಲೋಮೀಟರನ್ನು ಹತ್ತು ನಿಮಿಷಕ್ಕಿಂತ ಮೊದಲೇ ಮುಗಿಸಿದವನ ವೇಗವು 60ನ್ನು ಮೀರಿತೆಂದೇ ಅರ್ಥ; ಕ್ಯಾಮೆರಾದ ಎದುರಿನಲ್ಲಿ ಅವನು ತೋರಿದ ವಿನಯವು ಅಲ್ಲಿ ಲೆಕ್ಕಕ್ಕೆ ಬರುವುದಿಲ್ಲ.