ಕತ್ತರಿಯ ಮುಂದೆ ನಾವು ಹೆಂಗಸರು

ಡೊಂಬಿವಿಲಿಯಿಂದ ಬೆಳಗ್ಗೆ ಹೊರಡುವ ಲೋಕಲಿನಲ್ಲಿ, ಹೆಂಗಸರ ಡಬ್ಬಿಯ ಒಂದು ಮೂಲೆಯಲ್ಲಿ, ನಾವು ಏಳೆಂಟು ಮಂದಿ ಕನ್ನಡತಿಯರು ದಿನವೂ ಜೊತೆಯಾಗುತ್ತೇವೆ. ಧಾರವಾಡದವರು, ಉಡುಪಿಯವರು, ಮಂಡ್ಯದವರು, ಕಲಬುರ್ಗಿಯವರು. ಊರು ಬೇರೆ, ಮಾತಿನ ವರಸೆ ಬೇರೆ. ಕಚೇರಿಯ ಬೆರಳಚ್ಚಿನ ಹಾಜರಿ ಯಂತ್ರದ ಭಯ ಮಾತ್ರ ಒಂದೇ. ಹುಣಿಸೆಹಣ್ಣಿನ ಧಾರಣೆಯಿಂದ ಹಿಡಿದು ಮಕ್ಕಳ ಹತ್ತನೆಯ ತರಗತಿಯ ಅಂಕಗಳವರೆಗೆ ಆ ಮೂಲೆಯಲ್ಲಿ ಚರ್ಚೆಯಾಗದ ವಿಷಯವಿಲ್ಲ. ಆದರೆ ಒಂದು ಸಂಗತಿಯನ್ನು ನಾವು ವರ್ಷಗಟ್ಟಲೆ ಮುಟ್ಟದೆ ಬಿಟ್ಟಿದ್ದೆವು. ಅದನ್ನು ಹೊರಗೆಡಹಿದವರು ನಮ್ಮ ಧಾರವಾಡದ ವೈನಿಯವರ ಅತ್ತೆ.

ಆ ಅಜ್ಜಿಗೆ ಈಗ ಎಪ್ಪತ್ತೆಂಟು. ಬಲಭುಜ ಬಿಗಿದುಕೊಂಡು ಕೈ ಮೇಲಕ್ಕೆ ಏಳದು. ತಮ್ಮ ಜಡೆಯನ್ನು ತಾವೇ ಹೆಣೆದುಕೊಳ್ಳಲಾರರು. ಏಳೂವರೆಗೆ ಮನೆ ಬಿಡುವ ಸೊಸೆಗೆ ಹೆಣೆಯುವಷ್ಟು ಪುರಸೊತ್ತಿಲ್ಲ. ಕತ್ತಿನವರೆಗೆ ಕತ್ತರಿಸಿಬಿಟ್ಟರೆ ಇಬ್ಬರಿಗೂ ಹಗುರ ಎಂದು ವೈನಿ ಸೂಚಿಸಿದರು. ಅಜ್ಜಿ ಒಪ್ಪಿದರು. ಆದರೆ ಕಟ್ಟಡದ ಕೆಳಗಿನ ಸಲೂನಿನಲ್ಲಿದ್ದ ಹುಡುಗಿ ಮದುವೆಯಾಗಿ ಹೋಗಿ, ಆಕೆಯ ಜಾಗದಲ್ಲಿ ಉತ್ತರಪ್ರದೇಶದ ಒಬ್ಬ ತರುಣ ಬಂದಿದ್ದ. ಕೇಳಿದೊಡನೆ ಅಜ್ಜಿ ತಿರುಗಿಬಿದ್ದರು: “ಗಂಡಸಿನ ಮುಂದ ನಾ ತಲಿ ಬಗ್ಗಸೂದಿಲ್ಲ. ಬೇಕಾದ್ರ ಕೂದಲಾ ಗಂಟು ಬೀಳ್ಲಿ.”

ವೈನಿ ಇದನ್ನು ನಗುತ್ತಲೇ ಹೇಳಿದರು. ನಾವು ಯಾರೂ ನಗಲಿಲ್ಲ. ಒಬ್ಬೊಬ್ಬರಾಗಿ ಮಾತಿನ ಗಂಟು ಬಿಚ್ಚತೊಡಗಿದೆವು.

ಮೊದಲು ಬಾಯಿ ತೆರೆದವರು ಮಂಡ್ಯದವರು. ಅವರು ಮುಂಬಯಿಗೆ ಬಂದ ಹೊಸತು. ತುದಿಯಲ್ಲಿ ಒಂದಿಷ್ಟು ಕತ್ತರಿಸು ಎನ್ನಬೇಕಾಗಿತ್ತು. ಹಿಂದಿಯ ಮಾತು ತೋಚದೆ “ಭಯ್ಯಾ, ಥೋಡಾ ರಖೋ” ಎಂದುಬಿಟ್ಟರು. ಅವನು ಹೇಳಿದಷ್ಟನ್ನೇ ಮಾಡಿದ. ಸ್ವಲ್ಪವೇ ಇಟ್ಟ! ಸೊಂಟದವರೆಗಿದ್ದ ಜಡೆ ಕಿವಿಯ ಕೆಳಕ್ಕೆ ಬಂದು ನಿಂತಿತು. ಊರಿನಿಂದ ತಾಯಿ ಫೋನಿನಲ್ಲಿ ಮುಖ ನೋಡುವೆನೆಂದಾಗಲೆಲ್ಲ ಮೂರು ತಿಂಗಳು ಸೆರಗು ಹೊದ್ದುಕೊಂಡೇ ಕುಳಿತರಂತೆ.

ಇದು ನಗುವ ಕಥೆ. ಇನ್ನೊಂದು ಹಾಗಲ್ಲ. ನಮ್ಮಲ್ಲಿ ಎಲ್ಲರಿಗಿಂತ ಚಿಕ್ಕವಳು, ಹೆಚ್ಚು ಮಾತಾಡದವಳು, ಕಿಟಕಿಯ ಕಡೆ ನೋಡುತ್ತ ಹೇಳಿದಳು. ಒಂದು ದೊಡ್ಡ ಅಂಗಡಿಯಲ್ಲಿ ಕೂದಲು ಕತ್ತರಿಸುವಾತನ ಕೈ ಕತ್ತಿನ ಮೇಲೆ ಬೇಕಾದುದಕ್ಕಿಂತ ಹೆಚ್ಚು ಹೊತ್ತು ನಿಂತಿತು. ಮತ್ತೆ ಹೆಗಲಿನಿಂದ ಕೆಳಗೆ ಸರಿಯಿತು. ಎದುರಿಗೆ ಕನ್ನಡಿ, ಮೈಮೇಲೆ ಕತ್ತಿನವರೆಗೆ ಕಟ್ಟಿದ ಬಟ್ಟೆ, ಅವನ ಕೈಯಲ್ಲಿ ಕತ್ತರಿ. ಏಳುವುದಕ್ಕೂ ತೋಚಲಿಲ್ಲ, ಕೂಗುವುದಕ್ಕೂ ಬಾಯಿ ಬರಲಿಲ್ಲ. ಹಣ ಕೊಟ್ಟು ಬಂದಳು. ಮನೆಯಲ್ಲಿ ಮೂರು ಸಲ ತಲೆ ತೊಳೆದುಕೊಂಡಳು. ಗಂಡನಿಗೆ ಹೇಳಲಿಲ್ಲ. “ಹೇಳಿದ್ದರೆ, ನೀನೇಕೆ ಅಲ್ಲಿಗೆ ಹೋದೆ ಅನ್ನುತ್ತಿದ್ದರು” ಎಂದಳು. ಠಾಣೆ ದಾಟಿ ಮುಲುಂಡ್ ಬರುವವರೆಗೆ ಯಾರೂ ಮಾತಾಡಲಿಲ್ಲ. ಆಮೇಲೆ ನಮ್ಮಲ್ಲೇ ಮತ್ತಿಬ್ಬರು, “ನನಗೂ ಆಗಿದೆ” ಎಂದರು.

ಇಂಥದ್ದು ಕೇಳಿದಾಗ, ಗಂಡಸರನ್ನು ಈ ಕೆಲಸದಿಂದಲೇ ದೂರವಿಟ್ಟರೆ ಒಳ್ಳೆಯದೆಂದು ಅನ್ನಿಸುವುದು ಸಹಜ. ೨೦೨೪ರಲ್ಲಿ ಉತ್ತರಪ್ರದೇಶದ ರಾಜ್ಯ ಮಹಿಳಾ ಆಯೋಗವು ಇಂಥ ಒಂದು ಸಲಹೆಯನ್ನೇ ಮುಂದಿಟ್ಟಿತು. ಹೆಂಗಸರ ಬಟ್ಟೆಯ ಅಳತೆಯನ್ನು ಗಂಡಸು ದರ್ಜಿ ತೆಗೆಯಬಾರದು, ಸಲೂನಿನಲ್ಲಿ ಹೆಂಗಸರ ಕೂದಲನ್ನು ಹೆಂಗಸರೇ ನೋಡಿಕೊಳ್ಳಬೇಕು ಎಂದು. ಅದು ಸಲಹೆಯಾಗಿತ್ತೇ ಹೊರತು ಕಾನೂನಲ್ಲ. ನಮ್ಮ ಡಬ್ಬಿಯಲ್ಲಿ ಅರ್ಧ ಮಂದಿ ಸರಿ ಎಂದರು. ಉಳಿದವರು ತಲೆ ಆಡಿಸಿದರು.

ತಲೆ ಆಡಿಸಿದವರಿಗೂ ಕಾರಣವಿತ್ತು. ಇದು ಗಂಡಸಿನ ಕೆಲಸ, ಇದು ಹೆಂಗಸಿನದು ಎಂದು ಗೆರೆ ಎಳೆದಾಗ ಪೆಟ್ಟು ತಿನ್ನುವವರು ಹೆಚ್ಚಾಗಿ ಹೆಂಗಸರೇ. ನಮ್ಮ ಮುಂಬಯಿಯ ಚಿತ್ರರಂಗವನ್ನೇ ನೋಡಿ. ಅಲ್ಲಿಯ ಪ್ರಸಾಧನ ಕಲಾವಿದರ ಸಂಘ ಐದು ದಶಕಕ್ಕೂ ಮಿಕ್ಕಿ ಒಂದು ಕಟ್ಟು ನಡೆಸಿಕೊಂಡು ಬಂದಿತ್ತು: ಹೆಂಗಸರು ಕೂದಲು ಬಾಚಬಹುದು, ಮುಖಕ್ಕೆ ಬಣ್ಣ ಹಚ್ಚುವ ಕೆಲಸ ಗಂಡಸರಿಗೆ ಮಾತ್ರ. ತರಬೇತಿ ಪಡೆದ ಹೆಣ್ಣುಮಕ್ಕಳೂ ಸದಸ್ಯತ್ವದ ಚೀಟಿ ಇಲ್ಲದೆ ಹೊರಗೆ ನಿಲ್ಲಬೇಕಾಯಿತು. ೨೦೧೪ರ ನವೆಂಬರ್ ೧೦ರಂದು ಸುಪ್ರೀಂ ಕೋರ್ಟು ಆ ಕಟ್ಟು ಸಂವಿಧಾನಕ್ಕೆ ವಿರುದ್ಧವೆಂದು ಹೇಳಿ ತೆಗೆದುಹಾಕಿತು. ಇನ್ನು ನಮ್ಮ ಗಡಿಯ ಅಂಚಿನಲ್ಲೇ, ಕೊಲ್ಲಾಪುರ ಜಿಲ್ಲೆಯ ಗಡಹಿಂಗ್ಲಜ ತಾಲ್ಲೂಕಿನ ಒಂದು ಹಳ್ಳಿಯಲ್ಲಿ, ೧೯೮೪ರಲ್ಲಿ ಗಂಡ ತೀರಿಕೊಂಡ ಮೇಲೆ ಒಬ್ಬ ತಾಯಿ ಅವನ ಕತ್ತಿ-ಕತ್ತರಿಯನ್ನೇ ಹಿಡಿದು, ಹಳ್ಳಿಯ ಗಂಡಸರಿಗೆ ಕ್ಷೌರ ಮಾಡಿ ನಾಲ್ಕು ಹೆಣ್ಣುಮಕ್ಕಳನ್ನು ಸಾಕಿದಳು. ಗಂಡಸಿಗೆ ಗಂಡಸೇ, ಹೆಂಗಸಿಗೆ ಹೆಂಗಸೇ ಎಂದಿದ್ದರೆ ಆ ಮಕ್ಕಳ ಹೊಟ್ಟೆಗೆ ಏನಿತ್ತು?

ಮತ್ತೆ, ಹೆಂಗಸು ಕತ್ತರಿ ಹಿಡಿದಾಕ್ಷಣ ಎಲ್ಲ ಸರಿಯಾಗುತ್ತದೆ ಎಂದೇನೂ ಇಲ್ಲ. ೨೦೧೮ರ ಏಪ್ರಿಲ್‌ನಲ್ಲಿ ದಿಲ್ಲಿಯ ದೊಡ್ಡ ಹೋಟೆಲಿನ ಸಲೂನಿನಲ್ಲಿ ರೂಪದರ್ಶಿಯೊಬ್ಬರು, ತುದಿಯಿಂದ ನಾಲ್ಕು ಇಂಚು ತೆಗೆಯಿರಿ ಎಂದು ಕೇಳಿದರು. ತಲೆಯ ಮೇಲೆ ಉಳಿದುದೇ ನಾಲ್ಕು ಇಂಚು ಎಂದು ಅವರ ದೂರು. ಕತ್ತರಿಸಿದಾಕೆ ಹೆಂಗಸೇ. ರಾಷ್ಟ್ರೀಯ ಗ್ರಾಹಕ ಆಯೋಗ ೨೦೨೧ರಲ್ಲಿ ಎರಡು ಕೋಟಿ ರೂಪಾಯಿ ಪರಿಹಾರ ಕೊಡಿಸಿತು. ಅಷ್ಟು ಮೊತ್ತಕ್ಕೆ ಸಾಕ್ಷ್ಯ ಬೇಕೆಂದು ೨೦೨೩ರಲ್ಲಿ ಸುಪ್ರೀಂ ಕೋರ್ಟು ಆ ಆಜ್ಞೆಯನ್ನು ಬದಿಗಿಟ್ಟಿತು. ವ್ಯಾಜ್ಯ ಆಮೇಲೂ ನಡೆಯಿತು. ನಮ್ಮ ಮಂಡ್ಯದವರು ಇದನ್ನು ಕೇಳಿ, “ಅಯ್ಯೋ, ನಾನು ಇನ್ನೂರೈವತ್ತು ರೂಪಾಯಿ ಕೊಟ್ಟು ಸುಮ್ಮನೆ ಬಂದೆನಲ್ಲಾ!” ಎಂದರು.

ಇಷ್ಟೆಲ್ಲ ಮಾತಾದ ಮೇಲೆ ಒಂದು ಭಾನುವಾರ ನಾವು ಮೂವರು ವೈನಿಯವರ ಮನೆಗೆ ಹೋಗಿ ಅಜ್ಜಿಯ ಮುಂದೆ ಕುಳಿತೆವು. ಅವರಿಗೆ ಬುದ್ಧಿ ಹೇಳುವುದು ನಮ್ಮ ಇರಾದೆಯಾಗಿತ್ತು. ಬುದ್ಧಿ ಹೇಳಿಸಿಕೊಂಡವರು ನಾವು.

ಅಜ್ಜಿ ತಮ್ಮ ಅಜ್ಜಿಯ ಕಥೆ ಹೇಳಿದರು. ಆಕೆ ಮದುವೆಯಾದದ್ದು ಏಳನೆಯ ವರ್ಷಕ್ಕೆ, ಗಂಡ ತೀರಿಕೊಂಡದ್ದು ಹನ್ನೊಂದನೆಯ ವರ್ಷಕ್ಕೆ. ಅಂದಿನಿಂದ ಸಾಯುವವರೆಗೆ ಹದಿನೈದು ದಿನಕ್ಕೊಮ್ಮೆ, ಬೆಳಕು ಹರಿಯುವ ಮೊದಲು, ಹಿತ್ತಲ ಬಾಗಿಲಿಗೆ ಕ್ಷೌರಿಕ ಬರುತ್ತಿದ್ದ. ಅವನು ಕಣ್ಣೆತ್ತಿ ನೋಡುತ್ತಿರಲಿಲ್ಲ. “ಅವ್ವಾ, ತಲಿ ಒಂದೀಟು ಬಗ್ಗಸ್ರಿ” ಎಂಬಷ್ಟೇ ಮಾತು. “ಆಕೀಗೂ ಬ್ಯಾಡಾಗಿತ್ತು, ಅವಗೂ ಬ್ಯಾಡಾಗಿತ್ತು. ಹಿರ್ಯಾರಿಗೆ ಬೇಕಾಗಿತ್ತು, ನಡೀತಿತ್ತು” ಎಂದರು ಅಜ್ಜಿ. ಬಾಗಿಲ ಸಂದಿಯಿಂದ ನೋಡಿದ ಆರು ವರ್ಷದ ಮೊಮ್ಮಗಳು ಇವರೇ. ಎಂ. ಕೆ. ಇಂದಿರಾ ಅವರ ‘ಫಣಿಯಮ್ಮ’ವನ್ನು ನಾವೆಲ್ಲ ಓದಿದ್ದೇವೆ, ಪ್ರೇಮಾ ಕಾರಂತರು ೧೯೮೩ರಲ್ಲಿ ತೆಗೆದ ಚಿತ್ರವನ್ನೂ ನೋಡಿದ್ದೇವೆ. ಆದರೆ ಅದನ್ನು ಕಣ್ಣಾರೆ ಕಂಡವರ ಬಾಯಿಂದ ಕೇಳಿದ್ದು ಅಂದೇ ಮೊದಲು.

ನಮ್ಮಲ್ಲೊಬ್ಬರು ಒಂದು ಸಂಗತಿ ನೆನಪಿಸಿದರು. ೧೮೯೦ರಲ್ಲಿ ಇದೇ ಮುಂಬಯಿಯಲ್ಲಿ, ಜ್ಯೋತಿಬಾ ಫುಲೆಯವರ ಒಡನಾಡಿಯೂ ಕಾರ್ಮಿಕ ಮುಂದಾಳುವೂ ಆಗಿದ್ದ ನಾರಾಯಣ ಮೇಘಾಜಿ ಲೋಖಂಡೆಯವರ ಪ್ರೇರಣೆಯಿಂದ ಕ್ಷೌರಿಕರು ಸಭೆ ಸೇರಿದರು. ಇನ್ನು ಮೇಲೆ ವಿಧವೆಯರ ತಲೆ ಬೋಳಿಸುವುದಿಲ್ಲವೆಂದು ನಿಶ್ಚಯಿಸಿದರು. ತಮ್ಮ ಸಂಪಾದನೆಗೆ ತಾವೇ ಕತ್ತರಿ ಹಾಕಿಕೊಂಡ ಗಂಡಸರು ಅವರು. ಅಜ್ಜಿ ಬಹಳ ಹೊತ್ತು ಸುಮ್ಮನಿದ್ದು, “ಧಾರವಾಡದ ತನಕಾ ಆ ಸುದ್ದಿ ಬರಬೇಕಿತ್ತು” ಎಂದರು.

ಮುಂದಿನ ಶನಿವಾರ ಅವರೇ ಹೊರಟರು. ನಾವೂ ಜೊತೆಗೆ ಹೋದೆವು. ಆ ತರುಣ ಅಜ್ಜಿಯನ್ನು ಕುರ್ಚಿಯಲ್ಲಿ ಕೂರಿಸಿ, ತಲೆ ಮುಟ್ಟುವ ಮೊದಲು ಎದುರಿಗೆ ಬಂದು ನಿಂತ. ಬೆರಳಿನಿಂದ ಅವರ ಭುಜದ ಹತ್ತಿರ ಗಾಳಿಯಲ್ಲಿ ಒಂದು ಗೆರೆ ತೋರಿಸಿ, “ಆಜಿ, ಇತನಾ?” ಎಂದ. ಸ್ವಲ್ಪ ಮೇಲಕ್ಕೆ ತೋರಿಸಿ, “ಯಾ ಇತನಾ?” ಎಂದ. ಅಜ್ಜಿ ಕನ್ನಡಿಯಲ್ಲಿ ತಮ್ಮನ್ನು ನೋಡಿಕೊಂಡು, ಎಡಗೈಯಿಂದ ತಾವೇ ಗೆರೆ ತೋರಿಸಿದರು. ಮನೆಗೆ ಬಂದ ಮೇಲೆ ಅವರು ಹೇಳಿದ್ದು ಇಷ್ಟೇ: “ನಮ್ಮಜ್ಜೀನ್ನ ಯಾರೂ ಎಷ್ಟು ಅಂತ ಕೇಳಿರಲಿಲ್ಲ.”

ಸೋದರಿಯರೆ, ನಮಗೆ ಅರ್ಥವಾದದ್ದೂ ಅದೇ. ಕೈ ಗಂಡಿನದೋ ಹೆಣ್ಣಿನದೋ ಎಂಬುದಕ್ಕಿಂತ, ಮುಟ್ಟುವ ಮೊದಲು ಕೇಳುತ್ತಾರೆಯೇ, ಬೇಡವೆಂದರೆ ನಿಲ್ಲಿಸುತ್ತಾರೆಯೇ ಎಂಬುದು ದೊಡ್ಡದು. ಹೆಂಗಸೇ ಬೇಕೆನ್ನಿಸಿದರೆ ಮೊದಲೇ ಕೇಳಿ, ಅದರಲ್ಲಿ ನಾಚಿಕೆಯಿಲ್ಲ. ಎಷ್ಟು ಕತ್ತರಿಸಬೇಕೆಂಬುದನ್ನು ಬಾಯಿಂದ ಹೇಳುವುದರ ಜೊತೆಗೆ ಬೆರಳಿನಿಂದಲೂ ತೋರಿಸಿ. ಬಣ್ಣ ಹಚ್ಚಿಸುವುದಾದರೆ ಎರಡು ದಿನ ಮೊದಲು ಮೊಣಕೈ ಒಳಬದಿಗೆ ಒಂದು ತೊಟ್ಟು ಹಚ್ಚಿ ನೋಡಿ. ತೊಟ್ಟಿಯ ಮೇಲೆ ಕತ್ತು ಹಿಂದಕ್ಕೆ ಬಾಗಿಸಿ ತಲೆ ತೊಳೆಯುವಾಗ ಕತ್ತಿನ ಕೆಳಗೆ ಟವಲು ಇಡಿಸಿ, ತಲೆ ತಿರುಗಿದರೆ ಕೂಡಲೆ ಎದ್ದುಬಿಡಿ. ೨೦೨೨ರಲ್ಲಿ ಹೈದರಾಬಾದಿನ ಐವತ್ತು ವರ್ಷದ ಮಹಿಳೆಯೊಬ್ಬರಿಗೆ ಹೀಗೆ ತೊಳೆಸಿಕೊಳ್ಳುವಾಗಲೇ ಪಾರ್ಶ್ವವಾಯು ಬಡಿಯಿತು.

ಕೈ ಹದ್ದು ಮೀರಿದರೆ, ಅರ್ಧ ಕತ್ತರಿಸಿದ ಕೂದಲಾದರೂ ಚಿಂತೆಯಿಲ್ಲ, ಎದ್ದು ನಿಲ್ಲಿ. ಮಾಲೀಕರನ್ನು ಎಲ್ಲರೆದುರಿಗೆ ಕರೆಯಿರಿ. ೧೧೨ ಪೊಲೀಸರ ಸಹಾಯಕ್ಕೆ, ೧೮೧ ಹೆಂಗಸರ ಸಹಾಯವಾಣಿಗೆ. ೨೦೧೩ರ ಲೈಂಗಿಕ ಕಿರುಕುಳ ತಡೆ ಕಾಯಿದೆ ಅಂಗಡಿಯ ಕೆಲಸದವರಿಗೆ ಮಾತ್ರವಲ್ಲ, ಅಲ್ಲಿಗೆ ಬಂದ ಗಿರಾಕಿ ಹೆಂಗಸಿಗೂ ದೂರು ಕೊಡುವ ಹಕ್ಕು ಕೊಟ್ಟಿದೆ. ಮನೆಯ ಗಂಡಸರಲ್ಲಿ ಒಂದೇ ವಿನಂತಿ: ಹೆಂಡತಿ, ಮಗಳು ಇಂಥದ್ದು ಹೇಳಿದಾಗ “ಅಲ್ಲಿಗೆ ಏಕೆ ಹೋದೆ” ಎನ್ನಬೇಡಿ.

ನಮ್ಮ ಚಿಕ್ಕವಳು ಕಳೆದ ತಿಂಗಳು ಗಂಡನಿಗೆ ಎಲ್ಲವನ್ನೂ ಹೇಳಿದಳಂತೆ. ಅವರು ಹಾಗೆ ಕೇಳಲಿಲ್ಲವಂತೆ. ಅಜ್ಜಿಯ ಕೂದಲು ಮತ್ತೆ ಬೆಳೆದಿದೆ. ಈ ಶನಿವಾರ ಅವರೊಬ್ಬರೇ ಕೆಳಗಿಳಿದು ಹೋಗುವುದಾಗಿ ಹೇಳಿದ್ದಾರೆ.