ಕಚೇರಿಯ ಗಣಕಯಂತ್ರಗಳಿಗೆ ಒಂದೇ ಅಚ್ಚು: ‘ಡಿಫಾಲ್ಟ್ ಯೂಸರ್’ ತೊಡಕು ಮತ್ತು ಪರಿಹಾರ

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಸಂಸ್ಥೆಯು ನೀಡುತ್ತಿದ್ದ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ರಂದು ಕೊನೆಗೊಂಡಿತು. ಹಳೆಯ ಯಂತ್ರಗಳಲ್ಲಿ ಹಲವು ವಿಂಡೋಸ್ 11ಕ್ಕೆ ಒಗ್ಗುವುದಿಲ್ಲವಾದ್ದರಿಂದ ತರೀಕೆರೆಯ ಅಡಿಕೆ ಮಂಡಿಯಾಗಲಿ, ಕಡೂರು-ಬೀರೂರಿನ ತೆಂಗು ಮತ್ತು ಕೊಬ್ಬರಿ ವರ್ತಕರಾಗಲಿ, ಅಜ್ಜಂಪುರದ ಈರುಳ್ಳಿ ವ್ಯಾಪಾರಿಯಾಗಲಿ, ಕಚೇರಿಯ ನಾಲ್ಕಾರು ಗಣಕಯಂತ್ರಗಳನ್ನು ಒಟ್ಟಿಗೆ ಬದಲಿಸಬೇಕಾದ ಸಂದರ್ಭ ಒದಗುತ್ತದೆ. ಇಂತಹ ಸಂದರ್ಭದಲ್ಲಿ ಸರಬರಾಜುದಾರರು ಒಂದು ಯಂತ್ರವನ್ನು ಪೂರ್ಣವಾಗಿ ಸಿದ್ಧಪಡಿಸಿ, ಅದರ ತದ್ರೂಪವನ್ನು ಉಳಿದ ಯಂತ್ರಗಳಿಗೆ ಇಳಿಸುವುದುಂಟು. ಇದಕ್ಕೆ ಇಮೇಜಿಂಗ್ ಎಂದು ಹೆಸರು. ಅಚ್ಚುಬೆಲ್ಲದ ಹಲಗೆ ಸರಿಯಿದ್ದರೆ ಅಚ್ಚುಗಳೆಲ್ಲ ಸರಿಯಾಗಿ ಬರುತ್ತವೆ. ಹಲಗೆಯಲ್ಲಿಯೇ ಊನವಿದ್ದರೆ ಆ ಊನ ಪ್ರತಿ ಅಚ್ಚಿನಲ್ಲಿಯೂ ಮೂಡುತ್ತದೆ.

ದೂರು ಸಾಮಾನ್ಯವಾಗಿ ಹೀಗಿರುತ್ತದೆ. ತಂತ್ರಜ್ಞರು ಯಂತ್ರಗಳನ್ನು ಒಪ್ಪಿಸುವಾಗ ಎಲ್ಲವೂ ಸರಿಯಾಗಿತ್ತು. ದಿನಾಂಕ ನಮ್ಮ ಕ್ರಮದಲ್ಲಿತ್ತು, ಮೊತ್ತಗಳು ಲಕ್ಷ-ಕೋಟಿಯ ಲೆಕ್ಕದಲ್ಲಿ ಅಲ್ಪವಿರಾಮಗಳೊಂದಿಗೆ ಕಾಣುತ್ತಿದ್ದವು, ನುಡಿ ಅಕ್ಷರಗಳಿದ್ದವು. ಮರುದಿನ ಗುಮಾಸ್ತರಿಗೆ ಅವರ ಹೆಸರಿನಲ್ಲಿ ಹೊಸ ಖಾತೆ ತೆರೆದುಕೊಟ್ಟಾಗ ಇವು ಯಾವುವೂ ಇಲ್ಲ. ಅಮೆರಿಕದ ದಿನಾಂಕ ಕ್ರಮ, ಅಮೆರಿಕದ ಅಂಕಿ ವಿಂಗಡಣೆ, ಹಳೆಯ ಕನ್ನಡ ಪತ್ರಗಳ ಜಾಗದಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಗುಂಪು.

ದಿನಾಂಕ ತಿರುಗಿದರೆ ಆಗುವ ನಷ್ಟ

ಇದನ್ನು ಕೇವಲ ತೋರಿಕೆಯ ಲೋಪವೆಂದು ಬಿಡುವಂತಿಲ್ಲ. ಬಿಲ್ಲಿಂಗ್ ತಂತ್ರಾಂಶದಿಂದ ಖರೀದಿ ಪಟ್ಟಿಯನ್ನು ಸಿಎಸ್‌ವಿ ರೂಪದಲ್ಲಿ ಹೊರತೆಗೆದು ಎಕ್ಸೆಲ್‌ನಲ್ಲಿ ತೆರೆಯುವುದು ಎಲ್ಲ ಕಚೇರಿಗಳಲ್ಲೂ ಇರುವ ವಾಡಿಕೆ. ಎಕ್ಸೆಲ್ ದಿನಾಂಕವನ್ನು ಗ್ರಹಿಸುವುದು ಆ ಬಳಕೆದಾರರ ಪ್ರಾದೇಶಿಕ ಸೆಟ್ಟಿಂಗ್‌ಗೆ ಅನುಗುಣವಾಗಿ. ಅದು ಅಮೆರಿಕದ ಕ್ರಮದಲ್ಲಿದ್ದರೆ 04-03-2024 ಎಂಬುದು ಮಾರ್ಚ್ 4ರ ಬದಲು ಏಪ್ರಿಲ್ 3 ಆಗಿಬಿಡುತ್ತದೆ. ಪರದೆಯ ಮೇಲೆ ಅದು 4/3/2024 ಎಂದೇ ಕಾಣುವುದರಿಂದ ನಮ್ಮ ಕಣ್ಣಿಗೆ ಮಾರ್ಚ್ 4 ಎಂದೇ ತೋರುತ್ತದೆ. ಆದರೆ ತಿಂಗಳುವಾರು ವಿಂಗಡಿಸಿದಾಗ ಆ ಬಿಲ್ಲು ಏಪ್ರಿಲ್ ತಿಂಗಳಲ್ಲಿ, ಅಂದರೆ ಮುಂದಿನ ಆರ್ಥಿಕ ವರ್ಷದಲ್ಲಿ ಹೋಗಿ ಕುಳಿತಿರುತ್ತದೆ.

ಜಿಎಸ್‌ಟಿ ಕಾಯ್ದೆಯ 16(4)ನೇ ಕಲಮಿನ ಪ್ರಕಾರ ಒಂದು ಆರ್ಥಿಕ ವರ್ಷದ ಬಿಲ್ಲಿನ ಮೇಲಿನ ಹೂಡುವಳಿ ತೆರಿಗೆ ಜಮೆಯನ್ನು, ಅಂದರೆ ವರ್ತಕರು ರೂಢಿಯಲ್ಲಿ ಇನ್‌ಪುಟ್ ಎನ್ನುವುದನ್ನು, ಆ ವರ್ಷ ಮುಗಿದ ನಂತರದ ನವೆಂಬರ್ 30ರೊಳಗೆ ಅಥವಾ ವಾರ್ಷಿಕ ರಿಟರ್ನ್ ಸಲ್ಲಿಸುವುದರೊಳಗೆ, ಯಾವುದು ಮೊದಲೋ ಅದರೊಳಗೆ ಪಡೆದುಕೊಳ್ಳತಕ್ಕದ್ದು. 2024ರ ಮಾರ್ಚ್ 4ರ ಬಿಲ್ಲಿಗೆ ಈ ಗಡುವು 2024ರ ನವೆಂಬರ್ 30. ಅದೇ ಬಿಲ್ಲನ್ನು ಏಪ್ರಿಲ್ 3ರದ್ದೆಂದು ಓದಿದ ಪಟ್ಟಿ 2025ರ ನವೆಂಬರ್‌ವರೆಗೂ ಕಾಲಾವಕಾಶವಿದೆ ಎಂಬ ಭ್ರಮೆ ಹುಟ್ಟಿಸುತ್ತದೆ. ಪೋರ್ಟಲ್‌ನ ಜಿಎಸ್‌ಟಿಆರ್-2ಬಿ ವಿವರಣೆಯೊಂದಿಗೆ ಪ್ರತಿ ತಿಂಗಳೂ ತಾಳೆ ನೋಡುವವರಿಗೆ ವ್ಯತ್ಯಾಸ ಬೇಗ ಸಿಕ್ಕಿಬೀಳುತ್ತದೆ. ವರ್ಷಕ್ಕೊಮ್ಮೆ ಲೆಕ್ಕ ಪರಿಶೋಧನೆಯ ವೇಳೆಗೆ ಮಾತ್ರ ಕಡತ ಬಿಚ್ಚುವವರಿಗೆ ಜಮೆ ಕೈತಪ್ಪಿದ ಮೇಲೆಯೇ ತಿಳಿಯುವುದು.

ದೋಷವನ್ನು ಪತ್ತೆಹಚ್ಚಲು ಸುಲಭವಾದ ಗುರುತೊಂದಿದೆ. ತಿಂಗಳು 12ಕ್ಕಿಂತ ಹೆಚ್ಚಿರಲಾರದು. ಹಾಗಾಗಿ 25-03-2024 ಎಂಬುದನ್ನು ಅಮೆರಿಕದ ಕ್ರಮದ ಎಕ್ಸೆಲ್ ದಿನಾಂಕವೆಂದು ಒಪ್ಪದೆ ಬರಿಯ ಅಕ್ಷರವೆಂದು ಉಳಿಸಿಕೊಳ್ಳುತ್ತದೆ. ದಿನಾಂಕವೆಂದು ಗ್ರಹಿಸಿದ್ದು ಚೌಕದ ಬಲಕ್ಕೂ, ಅಕ್ಷರವೆಂದು ಗ್ರಹಿಸಿದ್ದು ಎಡಕ್ಕೂ ಅಂಟಿಕೊಳ್ಳುತ್ತವೆ. ಒಂದೇ ಕಾಲಂನಲ್ಲಿ ತಿಂಗಳ ಮೊದಲ 12 ದಿನಗಳ ಬಿಲ್ಲುಗಳು ಬಲಕ್ಕೂ ಉಳಿದವು ಎಡಕ್ಕೂ ಸರಿದಿದ್ದರೆ, ಆ ಪಟ್ಟಿಯನ್ನು ನಂಬಬಾರದು.

ಹೊಸ ಬಳಕೆದಾರರಿಗೆ ಸೆಟ್ಟಿಂಗ್ ಎಲ್ಲಿಂದ ಬರುತ್ತದೆ?

ವಿಂಡೋಸ್‌ನಲ್ಲಿ ಪ್ರತಿಯೊಬ್ಬ ಬಳಕೆದಾರರಿಗೂ ಪ್ರತ್ಯೇಕ ಪ್ರೊಫೈಲ್ ಇರುತ್ತದೆ. ಒಬ್ಬರು ಮೊದಲ ಬಾರಿ ಲಾಗಿನ್ ಆದಾಗ ವಿಂಡೋಸ್ ಆ ಪ್ರೊಫೈಲನ್ನು ಶೂನ್ಯದಿಂದ ಸೃಷ್ಟಿಸುವುದಿಲ್ಲ. ಸಿ ಡ್ರೈವಿನ ಯೂಸರ್ಸ್ ಫೋಲ್ಡರಿನಲ್ಲಿ ಡಿಫಾಲ್ಟ್ ಎಂಬ ಮರೆಮಾಡಿದ ಫೋಲ್ಡರ್ ಇದ್ದು, ಅದನ್ನೇ ನಕಲು ಮಾಡಿಕೊಡುತ್ತದೆ. ಎಕ್ಸ್‌ಪಿ ಕಾಲದಲ್ಲಿ ಇದು ಡಾಕ್ಯುಮೆಂಟ್ಸ್ ಅಂಡ್ ಸೆಟ್ಟಿಂಗ್ಸ್ ಒಳಗೆ ಡಿಫಾಲ್ಟ್ ಯೂಸರ್ ಎಂಬ ಹೆಸರಿನಲ್ಲಿತ್ತು. ತಂತ್ರಜ್ಞರು ತಮ್ಮ ಖಾತೆಯಲ್ಲಿ ಕುಳಿತು ಎಷ್ಟೇ ಅಚ್ಚುಕಟ್ಟು ಮಾಡಿದರೂ ಅದು ಅವರ ಪ್ರೊಫೈಲಿಗೆ ಮಾತ್ರ ಅನ್ವಯ. ಡಿಫಾಲ್ಟ್ ಫೋಲ್ಡರ್ ಬದಲಾಗದ ಹೊರತು ಹೊಸ ಬಳಕೆದಾರರಿಗೆ ಅದು ತಲುಪದು. ಡಿಫಾಲ್ಟ್ ಬದಲಾಯಿಸುವ ಮೊದಲೇ ಲಾಗಿನ್ ಆಗಿದ್ದವರಿಗೂ ಅದು ತಲುಪದು. ಆದ್ದರಿಂದ ಪರೀಕ್ಷೆಯನ್ನು ಹಳೆಯ ಖಾತೆಯಲ್ಲಿ ಮಾಡಿ ‘ಕೆಲಸ ಮಾಡುತ್ತಿಲ್ಲ’ ಎನ್ನುವುದು ಸರಿಯಲ್ಲ.

ಎಕ್ಸ್‌ಪಿಯಲ್ಲಿ ಒಂದು ಪ್ರೊಫೈಲನ್ನು ಡಿಫಾಲ್ಟ್ ಮೇಲೆ ನಕಲಿಸಲು ‘ಕಾಪಿ ಟು’ ಎಂಬ ಗುಂಡಿ ಇತ್ತು. ವಿಂಡೋಸ್ 7ರಿಂದ ಈಚೆಗೆ ಸಾಮಾನ್ಯ ಪ್ರೊಫೈಲುಗಳ ಮಟ್ಟಿಗೆ ಅದನ್ನು ನಿಷ್ಕ್ರಿಯಗೊಳಿಸಲಾಗಿದೆ. ಹಳೆಯ ಅಭ್ಯಾಸದವರು ಫೋಲ್ಡರನ್ನೇ ಕೈಯಾರೆ ನಕಲಿಸಿ ಅಂಟಿಸುವುದುಂಟು. ಇದನ್ನು ಮೈಕ್ರೋಸಾಫ್ಟ್ ಬೆಂಬಲಿಸುವುದಿಲ್ಲ. ಹೀಗೆ ಮಾಡಿದಾಗ ಹೊಸ ಬಳಕೆದಾರರ ಕೆಲವು ದಾರಿಗಳು ತಂತ್ರಜ್ಞರ ಹಳೆಯ ಫೋಲ್ಡರನ್ನೇ ತೋರಿಸುವುದು, ಅನುಮತಿಯ ತಕರಾರು ಬರುವುದು ಸಾಮಾನ್ಯ.

ಅಧಿಕೃತ ಮಾರ್ಗ ಮತ್ತು ಅದು ಎಡವುವ ಸ್ಥಳಗಳು

ಸರಿಯಾದ ಮಾರ್ಗವೆಂದರೆ ಸಿಸ್‌ಪ್ರೆಪ್ ಉಪಕರಣ ಹಾಗೂ ಉತ್ತರ ಕಡತದಲ್ಲಿನ ಕಾಪಿಪ್ರೊಫೈಲ್ ಎಂಬ ಆದೇಶ. ಹೊಸ ಯಂತ್ರದ ಮೊದಲ ಸ್ವಾಗತ ಪರದೆಯಲ್ಲಿ ಕಂಟ್ರೋಲ್, ಶಿಫ್ಟ್ ಮತ್ತು ಎಫ್3 ಗುಂಡಿಗಳನ್ನು ಒಟ್ಟಿಗೆ ಒತ್ತಿದರೆ ಯಂತ್ರವು ಆಡಿಟ್ ಮೋಡ್‌ಗೆ ಹೋಗಿ, ಮೂಲ ಅಡ್ಮಿನಿಸ್ಟ್ರೇಟರ್ ಖಾತೆ ತೆರೆಯುತ್ತದೆ. ಹೆಸರಿನಲ್ಲಿ ಆಡಿಟ್ ಇದ್ದರೂ ಲೆಕ್ಕ ಪರಿಶೋಧನೆಗೂ ಇದಕ್ಕೂ ಸಂಬಂಧವಿಲ್ಲ! ಎಲ್ಲ ಮಾರ್ಪಾಡುಗಳನ್ನೂ ಈ ಖಾತೆಯಲ್ಲಿಯೇ ಮಾಡತಕ್ಕದ್ದು, ಬೇರೆ ಬಳಕೆದಾರರ ಖಾತೆ ಯಂತ್ರದಲ್ಲಿ ಇರಕೂಡದು. ತಂತ್ರಜ್ಞರು ತಮ್ಮದೇ ಹೆಸರಿನ ಖಾತೆ ತೆರೆದು ಅದರಲ್ಲಿ ಕೆಲಸ ಮಾಡಿದ್ದರೆ ನಕಲಾಗುವುದು ಯಾವುದೆಂಬ ಖಾತರಿಯಿಲ್ಲ. ಈ ವಿಷಯದ ಬಹುಪಾಲು ದೂರುಗಳಿಗೆ ಮೂಲ ಇಲ್ಲಿಯೇ ಇದೆ.

ಎರಡನೆಯ ತಪ್ಪು ತಿಳಿವಳಿಕೆ ನಕಲಾಗುವ ಹೊತ್ತಿಗೆ ಸಂಬಂಧಿಸಿದ್ದು. ಸಿಸ್‌ಪ್ರೆಪ್ ಚಲಾಯಿಸಿದ ಕ್ಷಣದಲ್ಲಿ ಪ್ರೊಫೈಲ್ ನಕಲಾಗುವುದಿಲ್ಲ. ಇಮೇಜ್ ಇಳಿಸಿಕೊಂಡ ಯಂತ್ರವು ಮೊದಲ ಸಲ ಚಾಲನೆಯಾಗುವಾಗ ಸ್ಪೆಶಲೈಸ್ ಎಂಬ ಹಂತದಲ್ಲಿ ಅದು ನಡೆಯುತ್ತದೆ. ಉತ್ತರ ಕಡತದಲ್ಲಿ ಈ ಆದೇಶ ಬೇರೆ ಹಂತದಡಿ ಸೇರಿದ್ದರೆ ಅಥವಾ ಸಿಸ್‌ಪ್ರೆಪ್‌ಗೆ ಉತ್ತರ ಕಡತದ ದಾರಿಯನ್ನೇ ಸೂಚಿಸದಿದ್ದರೆ ಯಾವ ದೋಷಸೂಚನೆಯೂ ಇಲ್ಲದೆ ಕೆಲಸ ವ್ಯರ್ಥವಾಗುತ್ತದೆ. ನಡೆದಿದೆಯೋ ಇಲ್ಲವೋ ಎಂಬುದಕ್ಕೆ ಸಾಕ್ಷಿ, ವಿಂಡೋಸ್ ಫೋಲ್ಡರಿನ ಪ್ಯಾಂಥರ್ ಒಳಗಿನ ಅನ್‌ಅಟೆಂಡ್‌ಜಿಸಿ ಎಂಬಲ್ಲಿರುವ ಸೆಟಪ್‌ಆಕ್ಟ್ ಲಾಗ್ ಕಡತ. ಕಾಪಿಪ್ರೊಫೈಲ್ ಯಶಸ್ವಿ ಎಂಬ ಸಾಲು ಅದರಲ್ಲಿರಬೇಕು. ಈ ಸಾಲನ್ನು ತೋರಿಸುವಂತೆ ಸರಬರಾಜುದಾರರನ್ನು ಕೇಳುವುದರಲ್ಲಿ ಸಂಕೋಚ ಬೇಕಿಲ್ಲ, ವೋಚರ್ ಕೇಳಿದಂತೆಯೇ ಅದು.

ಕೆಲವೊಮ್ಮೆ ಸಿಸ್‌ಪ್ರೆಪ್ ತಾನೇ ಅರ್ಧಕ್ಕೆ ನಿಲ್ಲುತ್ತದೆ. ಇದಕ್ಕೆ ಹೆಚ್ಚಾಗಿ ಕಾರಣವಾಗುವುದು ವಿಂಡೋಸ್ ಸ್ಟೋರ್‌ನ ಆ್ಯಪ್‌ಗಳು. ಮಾದರಿ ಯಂತ್ರವನ್ನು ಅಂತರ್ಜಾಲಕ್ಕೆ ಜೋಡಿಸಿಟ್ಟರೆ ಅವು ತಮ್ಮಷ್ಟಕ್ಕೆ ಪರಿಷ್ಕರಣೆಗೊಂಡು, ಆ ಒಂದು ಖಾತೆಗೆ ಮಾತ್ರ ಸೇರಿಕೊಳ್ಳುತ್ತವೆ. ಒಬ್ಬ ಬಳಕೆದಾರರಿಗೆ ಇದ್ದು ಎಲ್ಲರಿಗೂ ಒದಗಿಸದ ಆ್ಯಪ್ ಕಂಡರೆ ಸಿಸ್‌ಪ್ರೆಪ್ ಮುಂದುವರಿಯದು. ಅದರ ಲಾಗ್‌ನಲ್ಲಿ ಆ್ಯಪ್‌ನ ಹೆಸರಿರುತ್ತದೆ, ಅದನ್ನು ತೆಗೆದು ಮತ್ತೆ ಚಲಾಯಿಸಬೇಕು. ಇಮೇಜ್ ಸಿದ್ಧವಾಗುವವರೆಗೆ ಅಂತರ್ಜಾಲದ ಸಂಪರ್ಕ ತಪ್ಪಿಸಿಡುವುದೇ ಲೇಸು.

ಕಾಪಿಪ್ರೊಫೈಲ್ ಸರಿಯಾಗಿ ನಡೆದರೂ ಕೆಲವು ಸಂಗತಿಗಳು ಅದರಿಂದ ಬರುವುದಿಲ್ಲ. ಸ್ಟಾರ್ಟ್ ಮೆನುವಿನ ಜೋಡಣೆಗೆ ಬೇರೆಯದೇ ವಿನ್ಯಾಸ ಕಡತ ಬೇಕು. ಪಿಡಿಎಫ್ ಯಾವ ತಂತ್ರಾಂಶದಲ್ಲಿ ತೆರೆಯಬೇಕೆಂಬ ಆಯ್ಕೆಯನ್ನು ಡಿಐಎಸ್‌ಎಂ ಉಪಕರಣದ ಮೂಲಕ ಪ್ರತ್ಯೇಕವಾಗಿ ಸೇರಿಸಬೇಕು.

ಪ್ರಾದೇಶಿಕ ಸೆಟ್ಟಿಂಗ್‌ಗೆ ಇದಕ್ಕಿಂತ ಸುಲಭದ ದಾರಿಯಿದೆ. ಕಂಟ್ರೋಲ್ ಪ್ಯಾನೆಲ್‌ನ ರೀಜನ್ ವಿಭಾಗದಲ್ಲಿ ಇಂಗ್ಲಿಷ್ ಇಂಡಿಯಾ ಆಯ್ಕೆಮಾಡಿ, ಅಡ್ಮಿನಿಸ್ಟ್ರೇಟಿವ್ ಪುಟದ ಕಾಪಿ ಸೆಟ್ಟಿಂಗ್ಸ್ ಗುಂಡಿ ಒತ್ತಿದರೆ ಸ್ವಾಗತ ಪರದೆಗೆ ಹಾಗೂ ಹೊಸ ಬಳಕೆದಾರರಿಗೆ ಎಂಬ ಎರಡು ಚೌಕಗಳು ಬರುತ್ತವೆ. ಎರಡಕ್ಕೂ ಗುರುತು ಹಾಕಬೇಕು. ನಾಲ್ಕೈದು ಯಂತ್ರಗಳ ಕಚೇರಿಗೆ ಇಮೇಜಿಂಗ್‌ನ ಗೋಜೇ ಇಲ್ಲದೆ ಪ್ರತಿ ಯಂತ್ರದಲ್ಲೂ ಇಷ್ಟು ಮಾಡಿದರೆ ಮುಖ್ಯ ತೊಡಕು ನಿವಾರಣೆಯಾಗುತ್ತದೆ. ಇಮೇಜ್ ಬಳಸಿದಲ್ಲಿ ಮಾತ್ರ ಒಂದು ಎಚ್ಚರ ಅಗತ್ಯ. ಎಲ್ಲಿಂದಲೋ ಎರವಲು ತಂದ ಉತ್ತರ ಕಡತದಲ್ಲಿ ಅಮೆರಿಕದ ಸ್ಥಳೀಯತೆ ನಮೂದಾಗಿದ್ದರೆ, ಮಾಡಿದ ಸೆಟ್ಟಿಂಗನ್ನು ಅದು ಕೊನೆಯ ಹಂತದಲ್ಲಿ ಅಳಿಸಿಹಾಕುತ್ತದೆ.

ನುಡಿ ಅಕ್ಷರಗಳ ವಿಷಯ ಬೇರೆ. ವಿಂಡೋಸ್ 10ರ 1809ನೇ ಆವೃತ್ತಿಯಿಂದ ಫಾಂಟ್ ಮೇಲೆ ಒತ್ತಿ ಇನ್‌ಸ್ಟಾಲ್ ಎಂದರೆ ಅದು ಆ ಬಳಕೆದಾರರ ಖಾತೆಗೆ ಮಾತ್ರ ಸೇರುತ್ತದೆ. ಎಲ್ಲ ಬಳಕೆದಾರರಿಗೂ ಇನ್‌ಸ್ಟಾಲ್ ಎಂಬ ಪ್ರತ್ಯೇಕ ಆಯ್ಕೆಯನ್ನೇ ಬಳಸತಕ್ಕದ್ದು. ಯೂನಿಕೋಡ್‌ನಲ್ಲಿರುವ ಪತ್ರಗಳಿಗೆ ವಿಂಡೋಸ್‌ನ ನಿರ್ಮಲಾ ಫಾಂಟ್ ಸಾಕು. ಹಳೆಯ ನುಡಿ, ಬರಹ ಫಾಂಟುಗಳಲ್ಲಿ ಬೆರಳಚ್ಚಾದ ಕರಾರುಪತ್ರ, ನಡವಳಿ ಪುಸ್ತಕಗಳಿಗೆ ಆಯಾ ಫಾಂಟೇ ಬೇಕು. ಸಹಕಾರ ಸಂಘಗಳಲ್ಲಿ ಇಂತಹ ದಾಖಲೆಗಳು ಹೇರಳ.

ಇಮೇಜಿನಲ್ಲಿ ಇರಬಾರದ್ದು

ಮಾದರಿ ಯಂತ್ರದಲ್ಲಿ ಬ್ರೌಸರ್ ತೆರೆದು ಜಿಎಸ್‌ಟಿ ಪೋರ್ಟಲ್‌ಗೋ ಬ್ಯಾಂಕಿಗೋ ಲಾಗಿನ್ ಆಗಿ ನೋಡಿದರೆ, ಇತ್ತೀಚಿನ ಕಡತಗಳ ಪಟ್ಟಿ, ಡೆಸ್ಕ್‌ಟಾಪ್‌ನಲ್ಲಿ ಬಿಟ್ಟ ಕಾಗದಪತ್ರ ಇತ್ಯಾದಿ ಪ್ರತಿ ಹೊಸ ಬಳಕೆದಾರರಿಗೂ ಹಂಚಿಕೆಯಾಗುವ ಸಂಭವವಿದೆ. ಒಂದು ಗಿರಾಕಿಗೆ ತಯಾರಿಸಿದ ಇಮೇಜನ್ನೇ ಇನ್ನೊಬ್ಬರಿಗೂ ಇಳಿಸುವ ಸರಬರಾಜುದಾರರಿದ್ದಲ್ಲಿ ಅಪಾಯ ಇಮ್ಮಡಿ. ಡಿಜಿಟಲ್ ಸಹಿಯ ಟೋಕನ್‌ಗೆ ಬೇಕಾದ ಡ್ರೈವರ್ ಮಾತ್ರ ಇಮೇಜಿನಲ್ಲಿರಲಿ. ಟೋಕನ್ ಮತ್ತು ಪಿನ್ ಮಾಲೀಕರ ವಶದಲ್ಲಿಯೇ ಇರತಕ್ಕದ್ದು.

ಸಿಸ್‌ಪ್ರೆಪ್‌ನ ಜನರಲೈಸ್ ಹಂತವನ್ನು ಬಿಟ್ಟು ನೇರವಾಗಿ ಡಿಸ್ಕ್ ನಕಲಿಸಿದರೆ ಎಲ್ಲ ಯಂತ್ರಗಳಿಗೂ ಒಂದೇ ಭದ್ರತಾ ಗುರುತಿನ ಸಂಖ್ಯೆ ಉಳಿಯುತ್ತದೆ. ಬಹುಕಾಲ ಇದರಿಂದ ಸಣ್ಣ ಕಚೇರಿಗಳಿಗೆ ತೊಂದರೆ ಕಂಡಿರಲಿಲ್ಲ. ಆದರೆ 2025ರ ಆಗಸ್ಟ್ ಅಂತ್ಯದಿಂದ ಬಿಡುಗಡೆಯಾದ ಅಪ್‌ಡೇಟ್‌ಗಳು ವಿಂಡೋಸ್ 11ರ 24ಎಚ್2 ಮತ್ತು 25ಎಚ್2 ಆವೃತ್ತಿಗಳಲ್ಲಿ ಈ ಸಂಖ್ಯೆಯನ್ನು ಕಟ್ಟುನಿಟ್ಟಾಗಿ ಪರಿಶೀಲಿಸುತ್ತವೆ. ಸಂಖ್ಯೆ ಒಂದೇ ಆಗಿದ್ದರೆ ಒಂದು ಯಂತ್ರದಿಂದ ಇನ್ನೊಂದರ ಹಂಚಿಕೊಂಡ ಫೋಲ್ಡರಿಗೆ ಪ್ರವೇಶ ಸಿಗದೆ, ಸರಿಯಾದ ಪಾಸ್‌ವರ್ಡ್ ಕೊಟ್ಟರೂ ಮತ್ತೆ ಮತ್ತೆ ಕೇಳುತ್ತದೆ. ಲೆಕ್ಕದ ದತ್ತಾಂಶವನ್ನು ಒಂದು ಯಂತ್ರದಲ್ಲಿಟ್ಟು ಉಳಿದವರು ಅದನ್ನು ಬಳಸುವ ಕಚೇರಿಯ ಕೆಲಸ ಅಂದಿಗೆ ಸ್ಥಗಿತ. ನಿನ್ನೆಯವರೆಗೆ ನಡೆಯುತ್ತಿದ್ದ ಜಾಲ ಅಪ್‌ಡೇಟ್ ನಂತರ ನಿಂತಿದ್ದರೆ ಮೊದಲು ಈ ಕಾರಣವನ್ನು ಶಂಕಿಸಬೇಕು. ಅಜ್ಜಂಪುರದಂತಹ ಊರಿಗೆ ತಂತ್ರಜ್ಞರು ಕಡೂರಿನಿಂದಲೋ ಶಿವಮೊಗ್ಗದಿಂದಲೋ ಬರಬೇಕಾದಲ್ಲಿ, ದೂರವಾಣಿಯಲ್ಲಿ ಇಷ್ಟು ತಿಳಿಸಿದರೂ ಒಂದು ಪ್ರಯಾಣ ಉಳಿದೀತು.

ಪರವಾನಗಿಯ ಅಂಶವನ್ನೂ ಗಮನಿಸಬೇಕು. ಯಂತ್ರದೊಂದಿಗೆ ಬಂದ ವಿಂಡೋಸ್ ಪರವಾನಗಿಯು ಸ್ವಂತ ಇಮೇಜ್ ತಯಾರಿಸಿ ಹಲವು ಯಂತ್ರಗಳಿಗೆ ಇಳಿಸುವ ಹಕ್ಕನ್ನು ನೀಡುವುದಿಲ್ಲ. ಅದಕ್ಕೆ ವಾಲ್ಯೂಮ್ ಪರವಾನಗಿ ಅವಶ್ಯ. ದರಪಟ್ಟಿ ತರಿಸುವಾಗಲೇ ಇದನ್ನು ಬರವಣಿಗೆಯಲ್ಲಿ ಕೇಳುವುದು ಯುಕ್ತ.

ಬಿಲ್ಲು ಪಾವತಿಸುವ ಮುನ್ನ

ಯಂತ್ರಗಳನ್ನು ಒಪ್ಪಿಕೊಳ್ಳುವ ದಿನ ತಂತ್ರಜ್ಞರ ಎದುರಿನಲ್ಲಿಯೇ ಹೊಸ ಪರೀಕ್ಷಾ ಖಾತೆಯೊಂದನ್ನು ತೆರೆದು ಲಾಗಿನ್ ಆಗಬೇಕು. ಎಕ್ಸೆಲ್‌ನಲ್ಲಿ 25-03-2024 ಎಂದು ಟೈಪಿಸಿದರೆ ಅದು ಬಲಕ್ಕೆ ಸರಿಯಬೇಕು. 1234567 ಎಂದು ಬರೆದು ಅಲ್ಪವಿರಾಮ ಹಾಕಿಸಿದರೆ 12,34,567 ಎಂದು ಕಾಣಬೇಕು. ಹಳೆಯ ನುಡಿ ಪತ್ರವೊಂದನ್ನು ತೆರೆದು ಮುದ್ರಿಸಿ ನೋಡಬೇಕು. ಈ ಪರೀಕ್ಷೆಯನ್ನು ಒಂದು ಯಂತ್ರದಲ್ಲಿ ಮಾಡಿ ಸುಮ್ಮನಾಗದೆ, ಕನಿಷ್ಠ ಎರಡರಲ್ಲಾದರೂ ಮಾಡುವುದೊಳಿತು.

ಪರೀಕ್ಷಾ ಖಾತೆಯನ್ನಾಗಲಿ, ಕೆಟ್ಟ ಸೆಟ್ಟಿಂಗಿನ ಹಳೆಯ ಪ್ರೊಫೈಲನ್ನಾಗಲಿ ತೆಗೆಯುವಾಗ ಯೂಸರ್ಸ್ ಒಳಗಿನ ಫೋಲ್ಡರನ್ನು ನೇರವಾಗಿ ಅಳಿಸಬಾರದು. ಅದರ ದಾಖಲೆ ರಿಜಿಸ್ಟ್ರಿಯಲ್ಲಿ ಉಳಿದು, ಅದೇ ಹೆಸರಿನವರು ಮತ್ತೆ ಬಂದಾಗ ತಾತ್ಕಾಲಿಕ ಪ್ರೊಫೈಲ್ ತೆರೆಯುತ್ತದೆ. ಅಂದು ಡೆಸ್ಕ್‌ಟಾಪ್‌ನಲ್ಲಿ ಉಳಿಸಿದ್ದೆಲ್ಲ ಲಾಗ್‌ಆಫ್ ಆದೊಡನೆ ಮಾಯವಾಗುತ್ತದೆ. ಸಿಸ್ಟಂ ಪ್ರಾಪರ್ಟೀಸ್‌ನ ಅಡ್ವಾನ್ಸ್‌ಡ್ ಪುಟದಲ್ಲಿರುವ ಯೂಸರ್ ಪ್ರೊಫೈಲ್ಸ್ ಮೂಲಕವೇ ತೆಗೆಯಬೇಕು. ತೆಗೆಯುವ ಮೊದಲು ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್ ಮತ್ತು ಡೌನ್‌ಲೋಡ್ಸ್‌ನಲ್ಲಿರುವ ಬಿಲ್ಲು, ಇ-ವೇ ಬಿಲ್ಲು, ರಿಟರ್ನ್ ಪ್ರತಿಗಳನ್ನು ಬೇರೆಡೆ ಇಳಿಸಿಕೊಳ್ಳಬೇಕು. ಜಿಎಸ್‌ಟಿ ಕಾಯ್ದೆಯ 36ನೇ ಕಲಮಿನಂತೆ ಆಯಾ ವರ್ಷದ ಲೆಕ್ಕಪತ್ರಗಳನ್ನು ವಾರ್ಷಿಕ ರಿಟರ್ನ್‌ನ ಅಂತಿಮ ದಿನಾಂಕದಿಂದ 72 ತಿಂಗಳ ಕಾಲ ಕಾಪಾಡಿಡಬೇಕಾದ ಹೊಣೆ ವರ್ತಕರದ್ದು. ಗಣಕಯಂತ್ರ ಬದಲಾಯಿತೆಂಬ ಸಮಜಾಯಿಷಿಗೆ ಅದರಲ್ಲಿ ವಿನಾಯಿತಿಯಿಲ್ಲ.