ಅಳಿವೆ ಎಲ್ಲಿಗೆ ಮುಗಿಯುತ್ತದೆ?

ದೆಹಲಿಯ ಯಮುನೆಗೆ ಒಂದೇ ದಿಕ್ಕು. ಯಾವ ಹೊತ್ತಿನಲ್ಲಿ ನೋಡಿದರೂ ನೀರು ಹೋಗುವುದು ಆಗ್ರಾದ ಕಡೆಗೇ. ಕುಮಟಾ ಕಡೆಯಿಂದ ನೋಯ್ಡಾಕ್ಕೆ ಬಂದ ನನಗೆ ನದಿಯೆಂದರೆ ದಿನಕ್ಕೆರಡು ಸಲ ಹಿಂದಕ್ಕೂ ಹರಿಯುವ ಅಘನಾಶಿನಿ. ನದಿ ಕಡಲನ್ನು ಸೇರುವ ಆ ಜಾಗಕ್ಕೆ ನಮ್ಮಲ್ಲಿ ಅಳಿವೆ ಎನ್ನುತ್ತಾರೆ.

2024ರ ಜನವರಿಯಲ್ಲಿ ಅಘನಾಶಿನಿ ಅಳಿವೆ ರಾಮ್‌ಸರ್ ಪಟ್ಟಿಗೆ ಸೇರಿತು. ವಿಸ್ತೀರ್ಣ 4,801 ಹೆಕ್ಟೇರ್. ಆದರೆ ಅಳಿವೆಯನ್ನು ಅಳೆಯಲು ವಿಸ್ತೀರ್ಣವೊಂದೇ ಸಾಲದು. ಒಂದು ಉಬ್ಬರಕ್ಕೆ ಎಷ್ಟು ನೀರು ಒಳಬಂದು ಇಳಿತದಲ್ಲಿ ಹೊರಹೋಗುತ್ತದೆ ಎಂಬುದೂ ಗೊತ್ತಾಗಬೇಕು. ಲೆಕ್ಕ ಸರಳ. ಒಂದು ಚದರ ಕಿಲೋಮೀಟರ್ ನೀರು ಒಂದು ಮೀಟರ್ ಏರಿದರೆ 10 ಲಕ್ಷ ಘನ ಮೀಟರ್, ಅಂದರೆ 100 ಕೋಟಿ ಲೀಟರ್. ಇಳಿತದಲ್ಲಿ ಇಷ್ಟು ನೀರು ರಭಸದಿಂದ ಹೊರನುಗ್ಗುವಾಗ ಅಳಿವೆಯ ಬಾಯಿಗೆ ಅಡ್ಡವಾಗುವ ಮರಳನ್ನು ಗುಡಿಸಿಹಾಕುತ್ತದೆ. ದೋಣಿಗಳಿಗೆ ದಾರಿ ಉಳಿಯುವುದು ಹೀಗೆ. ಕಗ್ಗ ಭತ್ತ ಬೆಳೆಯುವ ಗಜನಿ ಭೂಮಿಯನ್ನು ಮಣ್ಣು ಹಾಕಿ ಎತ್ತರಿಸಿದರೆ ಒಳಬರುವ ನೀರು ಕಡಿಮೆಯಾಗುತ್ತದೆ, ಮೈಲುಗಟ್ಟಲೆ ಕೆಳಗಿನ ಬಾಯಲ್ಲಿ ಮರಳು ಕೂರುತ್ತದೆ.

ಇನ್ನು ಉಪ್ಪು. ಕಡಲ ನೀರಿನಲ್ಲಿ ಕಿಲೋಗೆ ಸುಮಾರು 35 ಗ್ರಾಂ ಉಪ್ಪಿರುತ್ತದೆ. ಮಳೆಗಾಲದ ಹೊಳೆ ಅದನ್ನು ಹೊರದಬ್ಬುತ್ತದೆ, ಬೇಸಿಗೆಯಲ್ಲಿ ಅದು ಮತ್ತೆ ಮೇಲೇರುತ್ತದೆ. ಇಲ್ಲಿಯೇ ದೆಹಲಿಯ ನಂಟು. ಕೇಂದ್ರ ಪರಿಸರ ಸಚಿವಾಲಯದ 2019ರ ಸಿಆರ್‌ಝಡ್ ಅಧಿಸೂಚನೆಯ ಪ್ರಕಾರ, ವರ್ಷದಲ್ಲೇ ಅತಿ ಒಣ ಕಾಲದಲ್ಲಿ ಅಳೆದಾಗ ಉಪ್ಪು ಸಾವಿರಕ್ಕೆ 5 ಭಾಗ ಇರುವ ಜಾಗದವರೆಗೆ ಉಬ್ಬರದ ಪ್ರಭಾವವಿದೆ ಎಂದು ಲೆಕ್ಕ. ನದಿಯ ದಡದಲ್ಲಿ ಕರಾವಳಿ ನಿಯಂತ್ರಣ ಎಲ್ಲಿಯವರೆಗೆ ಎಂಬುದನ್ನು ತೀರ್ಮಾನಿಸುವುದು ಈ ಸಂಖ್ಯೆ.

ಹಾಗಾಗಿ ಬಾಟಲಿಯನ್ನು ಎಲ್ಲಿ, ಯಾವಾಗ ಅದ್ದಿದರು ಎಂಬುದು ಸಣ್ಣ ಮಾತಲ್ಲ. ಉಪ್ಪುನೀರು ಭಾರ, ಸಿಹಿನೀರಿನ ಕೆಳಗೆ ಸರಿದುಕೊಳ್ಳುತ್ತದೆ. ಮೇಲಿನ ನೀರನ್ನಷ್ಟೇ ತುಂಬಿಕೊಂಡರೆ ಉಪ್ಪು ಕಡಿಮೆ ಕಾಣುತ್ತದೆ. ಇಳಿತದ ಹೊತ್ತಿನಲ್ಲಿ ಅಳೆದರೂ ಹಾಗೆಯೇ. ಉಬ್ಬರ ಸುಮಾರು 12 ಗಂಟೆ 25 ನಿಮಿಷಕ್ಕೊಮ್ಮೆ ಬರುತ್ತದೆ, ಇಂದಿನದು ನಾಳೆ 50 ನಿಮಿಷ ತಡ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ಅದು ದೊಡ್ಡದು, ಅಷ್ಟಮಿಯ ಆಸುಪಾಸಿನಲ್ಲಿ ಚಿಕ್ಕದು. ಒಂದು ದಿನದ ಅಳತೆ ಸಾಲದು, ಕನಿಷ್ಠ ಒಂದು ಪಕ್ಷವಾದರೂ ಬೇಕು.

ನಿಮ್ಮೂರಿನ ಅಳಿವೆ ಕಾಳಿಯದಿರಲಿ, ಶರಾವತಿಯದಿರಲಿ, ನೇತ್ರಾವತಿಯದಿರಲಿ, ಅದರ ಯಾವುದೇ ಯೋಜನಾ ವರದಿ ಕೈಗೆ ಬಂದರೆ ಮೂರು ವಿಷಯ ಹುಡುಕಿ: ಯಾವ ತಿಂಗಳು, ಯಾವ ತಿಥಿಯ ಉಬ್ಬರ, ಎಷ್ಟು ಆಳದ ನೀರು. ಇವು ಮೂರೂ ಇಲ್ಲದ ವರದಿಯಲ್ಲಿ ಅಳಿವೆಯ ನಕ್ಷೆಯಿರಬಹುದು, ಅಳಿವೆಯಿಲ್ಲ.